ಎರಡು ಮನೆಯ ನಡುವಿನ ಗೋಡೆ

ಆಪರೇಷನ್ ಆಗಿದ್ದ ಅಕ್ಕ ಸುಧಾರಿಸಿಕೊಳ್ಳಲು ಭಾನುವಾರ ನನ್ನಲ್ಲಿಗೆ ಬರುವವಳಿದ್ದಳು. ನನ್ನದು ಒಂದೇ ಕೋಣೆಯ ಬಾಡಿಗೆ ಮನೆ. ಜಾಗ ಆಗಲೆಂದು ಸೋಫಾ ತೆಗೆದೆ, ಪುಸ್ತಕಗಳನ್ನು ಹಂಚಿಬಿಟ್ಟೆ, ಅವಳಿಗೊಂದು ಮಂಚ ಮಾಡಿಕೊಡಲು ಬಡಗಿಗೆ ಹೇಳಿದೆ. ಅವನು ಅಳತೆಯ ಟೇಪು ನಂಬುವವನಲ್ಲ. ಗೋಡೆಯಿಂದ ಗೋಡೆಗೆ ಸರಿಯಾಗಿ ಕೂರುವ ಒಂದು ಮರದ ಪಟ್ಟಿ ಕತ್ತರಿಸಿ ಒಯ್ದು, ಅದೇ ಅಳತೆಗೆ ಮಂಚ ಮಾಡಿ ತಂದ. ಆದರೂ ಮಂಚ ಒಂದು ಗೇಣು ಹೆಚ್ಚಾಯಿತು.

"ನಿಮ್ಮ ಕೋಣೇನೇ ಸರಿಯಿಲ್ಲ ಸಾರ್."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ! ಕತ್ತರಿಸಿಕೊಂಡು ಬಾರಪ್ಪ."

ಮರುದಿನ ತಂದಾಗ ಮತ್ತೆ ಒಂದು ಗೇಣು ಹೆಚ್ಚು. ಮೊದಲು ಸರಿಯಾಗಿ ಕೂತಿದ್ದ ಅವನ ಪಟ್ಟಿಯೂ ಈಗ ಕೋಣೆಗಿಂತ ಎರಡು ಗೇಣು ಹೆಚ್ಚಾಗಿತ್ತು.

"ಇನ್ನೂ ಕತ್ತರಿಸಿದ್ರೆ ನಿಮ್ಮಕ್ಕ ಕೂತೇ ನಿದ್ದೆ ಮಾಡಬೇಕು," ಎಂದು ಅವನು ರೇಗಿದ.

ನಾನು ಪಕ್ಕದ ಮನೆಯ ಕಡೆಯ ಗೋಡೆಗೆ ಕೈ ಊರಿದೆ. ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು. ಪಕ್ಕದ ಮನೆಯವರೇ ಏನೋ ಮಾಡುತ್ತಿದ್ದಾರೆಂದು ಸಿಟ್ಟಿನಿಂದ ಹೋಗಿ ಬಾಗಿಲು ಬಡಿದೆ. ಬಾಗಿಲು ತೆರೆದ ಆಂಟಿಯ ಮುಖ ನನ್ನದಕ್ಕಿಂತ ಹೆಚ್ಚು ಗಂಟಿಕ್ಕಿತ್ತು.

"ಗೋಡೆ ಈ ಕಡೆ ತಳ್ತಾ ಇರೋದು ನೀವೇನಾ? ನಮ್ಮ ಬೀರು ಎರಡು ಗೇಣು ಮುಂದಕ್ಕೆ ಬಂದುಬಿಟ್ಟಿದೆ!"

ಅಕ್ಕನಿಗೆ ಫೋನ್ ಮಾಡಿ, ಬರಬೇಡ ಎಂದೆ. ಕಾರಣವನ್ನೂ ಹೇಳಿದೆ.

"ಇಷ್ಟ ಇಲ್ಲ ಅಂತ ನೇರವಾಗಿ ಹೇಳೋ. ಪಾಪದ ಗೋಡೆ ಮೇಲೆ ಯಾಕೆ ಹಾಕ್ತೀಯ?" ಎಂದು ಫೋನ್ ಇಟ್ಟುಬಿಟ್ಟಳು.

ಅಷ್ಟರಲ್ಲಿ ಬಡಗಿ ನಮ್ಮ ಕಡೆಯ ಎರಡು ಗೇಣು, ಆಂಟಿ ಕಡೆಯ ಎರಡು ಗೇಣು ಸೇರಿಸಿ ಲೆಕ್ಕ ಹಾಕಿದ್ದ. ಆ ಗೋಡೆಯೊಳಗೆ ಈಗ ಒಬ್ಬರು ಆರಾಮಾಗಿ ಮಲಗುವಷ್ಟು ಅಗಲವಿದೆ.