ಗೋಡೆಯಂಚಿನ ಸಂದಿ

ಬಟ್ಟೆಯನ್ನು ಮತ್ತೊಮ್ಮೆ ಗಟ್ಟಿಯಾಗಿ ಹಿಂಡಿ ಅವಳು ನೆಲ ಒರೆಸತೊಡಗಿದಳು. ಬಿದಿರಿನ ನೆಲಕ್ಕೆ ನೀರು ಸುರಿಯಬಾರದು, ಪಸೆ ಸೋಕಿದರೆ ಸಾಕು ಎಂದು ಹೇಳಿಕೊಟ್ಟವನು ಈ ಮನೆಯ ಹೊಸ್ತಿಲು ತುಳಿಯದೆ ವರ್ಷದ ಮೇಲಾಗಿತ್ತು.

ಕೋಣೆಯ ನಡುವೆ ಬಟ್ಟೆ ಎಂದಿನಂತೆ ತಡೆಯಿತು. ಹಲಗೆಗಳು ಗೂನುಬೆನ್ನಿನ ಹಾಗೆ ಎದ್ದಿದ್ದವು. ಅಮ್ಮ ಎಡವಿ ಸೊಂಟ ಮುರಿದುಕೊಂಡದ್ದು ಅಲ್ಲೇ. ಅಂದಿನಿಂದ ಅಮ್ಮ ಮಂಚ ಬಿಟ್ಟಿಲ್ಲ.

ಅಣ್ಣನಿಗೆ ಹೊಳೆಯುವ ಟೈಲ್ಸ್ ಬೇಕಿತ್ತು. ತಣ್ಣನೆಯ ಕಲ್ಲಿಗೆ ಅಮ್ಮನ ಪಾದ ಸೆಳೆಯುತ್ತದೆ, ಕಡಿದರೂ ಮತ್ತೆ ಚಿಗುರುವ ಬಿದಿರೇ ಇರಲಿ ಎಂದು ಹಠ ಹಿಡಿದವಳು ಇವಳೇ.

ನೆಲ ಹಾಕುವವನು ಮೊದಲ ದಿನ ಹಲಗೆಗಳನ್ನು ಕೋಣೆಯಲ್ಲಿ ಹರಡಿ, ಕೈ ಕೊಡವಿಕೊಂಡು ಹೊರಟಿದ್ದ. ಹೊಲಿಗೆ ಬಿಟ್ಟು ಎದ್ದುಬಂದ ಅವಳಿಗೆ ಸಿಟ್ಟು ನೆತ್ತಿಗೇರಿತ್ತು.

"ಕೆಲಸ ಮಾಡೋಕೆ ಬಂದ್ರೋ, ಸೌದೆ ಒಟ್ಟೋಕೆ ಬಂದ್ರೋ?"

"ಹೊಸ ಮನೆಗೆ ಬಂದಿವೆ ಕಣ್ರೀ. ಇಲ್ಲಿನ ಗಾಳಿಗೆ ಒಗ್ಗೋವರೆಗೆ ಮಲಗಿರ್ಲಿ... ನಿಮ್ಮ ಬೈಗುಳಕ್ಕೂ ಒಗ್ಗಬೇಕಲ್ಲ."

ನಗು ತಡೆಯಲಾಗದೆ ಅವಳು ಒಳಗೆ ಓಡಿದ್ದಳು. ಹಲಗೆ ಮಗುಚುವ ನೆಪದಲ್ಲಿ ಅವನು ದಿನವೂ ಬಂದ. ಅವಳೂ ದಿನವೂ ಬೈದಳು. ಅಮ್ಮನಿಗೆ ಅರ್ಥವಾಗದಿರುತ್ತದೆಯೇ?

ನೆಲ ಹಾಕಿ ಮುಗಿದಾಗ ಗೋಡೆಯುದ್ದಕ್ಕೂ ಬೆರಳಗಲದ ಸಂದಿ ಉಳಿದಿತ್ತು. ಅದನ್ನು ಹಾಗೇ ಬಿಡಿ, ಮರದ ಪಟ್ಟಿ ತಂದು ಮುಚ್ಚುತ್ತೇನೆ ಎಂದು ಹೇಳಿ ಹೋದ. ಯಾಕೆಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಸೂಜಿ, ಗುಂಡಿಗಳೆಲ್ಲ ಸಂದಿ ಸೇರುತ್ತಿದ್ದವು. ಅವನು ಬಂದಾಗ ನೋಡಿ ಮೆಚ್ಚಲಿ ಎಂದು ಸಿಮೆಂಟು ಕಲಸಿ, ಸೀರೆಗೆ ಅಂಚು ಹೊಲಿದಷ್ಟೇ ಅಚ್ಚುಕಟ್ಟಾಗಿ ತುಂಬಿದಳು.

ಅವನಿಗಿಂತ ಮೊದಲು ಮಳೆಗಾಲ ಬಂತು.

ಅಮ್ಮ ಬಿದ್ದ ದಿನ ಅಣ್ಣ ಅವನನ್ನು ಕರೆಸಿ ಬಾಯಿಗೆ ಬಂದಂತೆ ಬೈದ. ಅವನು ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಸಿಮೆಂಟಿನ ಮೇಲೆ ಬೆರಳಾಡಿಸಿದ. ಒಮ್ಮೆ ಅವಳನ್ನು ನೋಡಿದ.

"ಅಳತೆ ನಂದೇ ತಪ್ಪಿತು," ಎಂದ.

ತಾನೇ ಒಪ್ಪಿಕೊಂಡನಲ್ಲ! ಅವಳ ಎದೆ ಕಲ್ಲಾಯಿತು. "ಇನ್ನು ಈ ಕಡೆ ತಲೆ ಹಾಕಬೇಡಿ," ಎಂದುಬಿಟ್ಟಳು. ಅಣ್ಣ ಊರೆಲ್ಲ ಸಾರಿದ. ಅವನನ್ನು ಕೆಲಸಕ್ಕೆ ಕರೆಯುವವರೇ ಇಲ್ಲದಂತಾಯಿತು.

ಎಷ್ಟೋ ತಿಂಗಳ ಮೇಲೆ ಬಾಗಿಲು ಸರಿಮಾಡಲು ಬಂದ ಮುದಿ ಬಡಗಿ ಕೇಳಿದ: "ಈ ಸಂದಿಗೆ ಯಾರಮ್ಮ ಸಿಮೆಂಟ್ ತುಂಬಿದ್ದು? ಬಿದಿರು ತೇವ ಕುಡಿದು ಹಿಗ್ಗುತ್ತೆ. ಜಾಗ ಕೊಡದಿದ್ರೆ ಎದ್ದು ನಿಲ್ದೆ ಇನ್ನೇನು ಮಾಡುತ್ತೆ, ಪಾಪ?"

ಅವನಿಗೆ ಗೊತ್ತಿತ್ತು... ಗೊತ್ತಿದ್ದೂ ತಪ್ಪನ್ನು ತನ್ನ ಮೇಲೆ ಎಳೆದುಕೊಂಡ.

ಅಂದೇ ಅವನಿಗೆ ಪತ್ರ ಬರೆದಳು. ಆದರೆ ಮನೆಯಲ್ಲಿ ನಿಜ ಹೇಳದೆ ಅದನ್ನು ಕಳಿಸುವಂತಿರಲಿಲ್ಲ, ಅಮ್ಮನ ನರಳಾಟ ಕೇಳಿದಾಗಲೆಲ್ಲ ಹೇಳುವ ಧೈರ್ಯ ಉಡುಗುತ್ತಿತ್ತು. ಪತ್ರ ಹೊಲಿಗೆ ಯಂತ್ರದ ಡ್ರಾಯರಿನಲ್ಲೇ ಹಳದಿಗಟ್ಟಿತು.

ಇಂದು ಊಟಕ್ಕೆ ಕೂತ ಅಣ್ಣ, ಆ ಬಿದಿರಿನವನು ಹತಾರಗಳನ್ನೆಲ್ಲ ಮಾರಿ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದಾನಂತೆ, ತಕ್ಕ ಶಾಸ್ತಿ ಎಂದ. ಅವಳ ಕೈಯ ಸೌಟು ಕೆಳಗಿಳಿಯಿತು.

"ಸಂದಿ ಮುಚ್ಚಿದ್ದು ನಾನು ಕಣೋ. ಅಮ್ಮನ್ನ ಬೀಳಿಸಿದ್ದು ನಾನು."

ಅಣ್ಣ ತಟ್ಟೆ ಸರಿಸಿ ಎದ್ದ. ಕಿಟಕಿಯ ಕಡೆ ತಿರುಗಿ, ಅವಳ ಮುಖ ನೋಡದೆಯೇ ಗೋದಾಮಿನ ವಿಳಾಸ ಹೇಳಿದ.

ಒಳಗೆ ಮಂಚದ ಮೇಲೆ ಎಲ್ಲವನ್ನೂ ಕೇಳಿಸಿಕೊಂಡ ಅಮ್ಮ ಸೂರು ನೋಡುತ್ತ ಮಲಗಿದ್ದಳು. ಕಣ್ಣಂಚಿನಿಂದ ಇಳಿದ ನೀರು ದಿಂಬಿಗೆ ಇಂಗಿತು.

"ನನ್ನ ಕಾಲಂತೂ ಬರಲ್ಲ. ಅವನ ಹೆಸರಾದ್ರೂ ವಾಪಸ್ ಬರ್ಲಿ. ಹೋಗು, ಅವನಿಗೆ ಕಾಗದ ಹಾಕು."

"ಅಮ್ಮಾ..."

"ಬೇಗ ಬಾ. ನನ್ನ ಮಗ್ಗುಲು ಬದಲಿಸೋರು ಬೇರೆ ಯಾರಿದ್ದಾರೆ?"

ಅಂಚೆ ಡಬ್ಬಿಯ ಮುಂದೆ ನಿಂತು ಅವಳು ಡ್ರಾಯರಿನಿಂದ ತಂದ ಪತ್ರದ ಕೊನೆಗೆ ಪೆನ್ಸಿಲಿನಲ್ಲಿ ಸೇರಿಸಿದಳು: 'ಅಣ್ಣನಿಗೆ ಎಲ್ಲ ಹೇಳಿದ್ದೇನೆ. ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ಬೈಯುವುದಕ್ಕಾದರೂ ಒಮ್ಮೆ ಬನ್ನಿ. ಈ ಸಲ ಒಗ್ಗಿಕೊಳ್ಳುವ ಸರದಿ ನನ್ನದು.'

ಲಕೋಟೆಯ ಮೇಲೆ ಗೋದಾಮಿನ ವಿಳಾಸ ಬರೆದು, ಅಂಟಿಸಿ ಡಬ್ಬಿಯೊಳಗೆ ಬಿಟ್ಟಳು. ಅದು ತಳ ಮುಟ್ಟಿದ ಸದ್ದು ಕೇಳಿದ ಮೇಲೆಯೇ ಮನೆಯ ಕಡೆ ತಿರುಗಿದಳು.