ತೊಂಬತ್ತು ಮೀಟರ್ ಪೂರ್ವಕ್ಕೆ

ಜೆಸಿಬಿಯ ಬಕೆಟ್ಟಿಗೆ ಐದು ಹಲ್ಲುಗಳು.

ಹೇಗೆ ಗೊತ್ತು ಅಂತೀರಾ? ಎಣಿಸಿದ್ದೇನೆ... ಮೂಗಿನಿಂದ ಒಂದು ಮೊಳ ದೂರದಲ್ಲಿ ನಿಂತು!

ಬೆನ್ನಿಗೆ ಲಾಂಡ್ರಿಯ ಗೋಡೆ. ಎದೆಗೆ ಅವಚಿಕೊಂಡ ಲ್ಯಾಪ್‌ಟಾಪ್. ಬೆಳಗಿನ ಹನ್ನೊಂದರ ಬಿಸಿಲು ನೆತ್ತಿಯ ಮೇಲೆ.

“ಮೇಡಂ, ಪಕ್ಕಕ್ಕೆ ಬನ್ನಿ!” ಜೂನಿಯರ್ ಎಂಜಿನಿಯರ್ ಕೂಗಿದ. ಅವನ ಕೈಯಲ್ಲಿ ತೆರವಿನ ಆದೇಶ ಪಟಪಟ ಹಾರುತ್ತಿತ್ತು. “ಈ ಅಂಗಡಿ ಮಳೆನೀರಿನ ಕಾಲುವೆ ಮೇಲಿದೆ. ನೀವೇ ಮ್ಯಾಪ್ ಸೆಕ್ಷನ್‌ನವರು. ನಿಮ್ಮ ಮ್ಯಾಪೇ ಹೇಳ್ತಾ ಇದೆ!”

“ಮ್ಯಾಪ್ ಸುಳ್ಳು ಹೇಳ್ತಾ ಇದೆ.”

“ಹಾಗಂತ ಬರೆದು ಕೊಡಿ. ಕಮಿಷನರ್ ಸಹಿ ಹಾಕಿಸಿ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?”

ಒಳಗಿನಿಂದ ಲಾಂಡ್ರಿ ಅಕ್ಕ ಬಂದರು. ಐವತ್ತೈದರ ಹೆಂಗಸು, ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ.

“ಕೆಡವಪ್ಪ, ಕೆಡವು! ಅರ್ಧ ಊರಿನ ಶರ್ಟು ಒಳಗಿದೆ. ನಾಳೆ ಎಲ್ಲರೂ ಬನಿಯನ್‌ನಲ್ಲೇ ಆಫೀಸಿಗೆ ಹೋಗಿ. ನಿನ್ನ ಮದುವೆ ಕೋಟೂ ಇಲ್ಲೇ ಇದೆ, ಮರೆತೆಯಾ?”

ಎಂಜಿನಿಯರ್ ಮರೆತಿದ್ದ. ಮುಖ ಬಿಳುಪಾಯಿತು.

“ಹನ್ನೆರಡು ಗಂಟೆ,” ಅಂದ ಮೆಲ್ಲಗೆ. “ಅಷ್ಟರೊಳಗೆ ಕಮಿಷನರ್ ಫೋನ್ ಬಂದ್ರೆ ಸರಿ. ಇಲ್ಲಾಂದ್ರೆ ಕೋಟು ತಗೊಂಡು ಕೆಡವ್ತೀನಿ.”

ಐವತ್ತೆಂಟು ನಿಮಿಷ!

ನೀವು ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ, ಓದುವ ಮಕ್ಕಳು. ಅದಕ್ಕೇ ನಿಮಗೆ ಬಿಡಿಸಿ ಹೇಳುತ್ತೇನೆ.

ನಗರಾಡಳಿತದ ಮ್ಯಾಪ್ ಸೆಕ್ಷನ್ ಅಂದರೆ ಗೋಡೆಗೆ ಬಣ್ಣದ ನಕ್ಷೆ ತೂಗುಹಾಕುವ ಜಾಗ ಅಂತ ತಿಳಿದವರು ಬಹಳ. ಪೈಪ್ ಒಡೆದು ರಸ್ತೆ ಕೆರೆಯಾದಾಗ ಯಾವ ವಾಲ್ವ್ ತಿರುಗಿಸಬೇಕು? ನನಗೆ ಫೋನ್. ಬಡಾವಣೆಯಲ್ಲಿ ವಾಂತಿಭೇದಿ ಶುರುವಾದಾಗ ರೋಗಿಗಳ ಮನೆಗೊಂದೊಂದು ಚುಕ್ಕಿ ಇಟ್ಟು, ಚುಕ್ಕಿಗಳೆಲ್ಲ ಯಾವ ನೀರಿನ ಟ್ಯಾಂಕನ್ನು ಸುತ್ತುವರಿದಿವೆ ಅಂತ ತೋರಿಸಿದ್ದು ನಾನು. ಎಲ್ಲಿ ಅಂತ ಗೊತ್ತಾದರೆ, ಯಾಕೆ ಅಂತ ಅರ್ಧ ಗೊತ್ತಾದ ಹಾಗೆ.

ಹಿಂದಿನ ದಿನ ಲಾಂಡ್ರಿ ಅಕ್ಕ ನನ್ನ ಮೇಜಿನ ಮುಂದೆ ಬಂದು ಕುಳಿತಿದ್ದರು.

“ಮಗಳೇ, ಇಪ್ಪತ್ತಾರು ವರ್ಷದಿಂದ ಆ ನೆಲದ ಮೇಲೆ ನಿಂತಿದೀನಿ. ಕೆಳಗೆ ಕಾಲುವೆ ಇದ್ದಿದ್ರೆ ಒಂದು ಹನಿ ತೇವ ಆದ್ರೂ ಬರಬೇಕಿತ್ತಲ್ಲ? ಬಂದು ನೋಡು. ನೋಡಿದ ಮೇಲೂ ಕಾಲುವೆ ಅಂದ್ರೆ ನಾನೇ ಗುದ್ದಲಿ ತರ್ತೀನಿ.”

ಹೋಗಿ ನೋಡಿದೆ. ಜಿಪಿಎಸ್ ಹಿಡಿದು ಬೀದಿಯ ಮ್ಯಾನ್‌ಹೋಲ್ ಮುಚ್ಚಳಗಳನ್ನೆಲ್ಲ ಅಳೆದೆ. ಮೊದಲನೆಯದು ನಮ್ಮ ಮ್ಯಾಪಿನಲ್ಲಿರುವುದಕ್ಕಿಂತ ತೊಂಬತ್ತು ಮೀಟರ್ ಪೂರ್ವಕ್ಕಿತ್ತು. ಎರಡನೆಯದೂ ತೊಂಬತ್ತು, ಪೂರ್ವಕ್ಕೇ. ಹನ್ನೊಂದನೆಯದೂ...

ಮತ್ತೊಮ್ಮೆ ಅಳೆದೆ. ಅದೇ ತೊಂಬತ್ತು!

ಒಂದು ಗುರುತು ತಪ್ಪಿದರೆ ಕೈತಪ್ಪು. ಎಲ್ಲ ಗುರುತುಗಳೂ ಒಂದೇ ದಿಕ್ಕಿಗೆ ಒಂದೇ ಅಳತೆ ತಪ್ಪಿದರೆ... ಡೇಟಂ!

ಭೂಮಿ ಪೂರ್ತಿ ಗುಂಡಗಿಲ್ಲ. ಹಳೆಯ ಸರ್ವೆಯವರು ಅದಕ್ಕೊಂದು ಆಕಾರ ಲೆಕ್ಕ ಹಾಕಿ ನಕ್ಷೆ ಬರೆದರು. ಉಪಗ್ರಹದವರ ಲೆಕ್ಕ ಬೇರೆ. ಆ ಲೆಕ್ಕಕ್ಕೇ ಡೇಟಂ ಅನ್ನುವುದು. ಹಳೆಯ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸುವಾಗ ಇದು ಯಾವ ಲೆಕ್ಕದ್ದು ಅಂತ ಹೇಳಬೇಕು. ತಪ್ಪು ಹೇಳಿದಿರೋ, ಅದರಲ್ಲಿರುವ ಕಾಲುವೆ, ಮ್ಯಾನ್‌ಹೋಲ್ ಎಲ್ಲ ಸದ್ದಿಲ್ಲದೆ ಪಕ್ಕಕ್ಕೆ ಜರುಗುತ್ತವೆ. ನಿಜವಾದ ಕಾಲುವೆ ಲಾಂಡ್ರಿಯಿಂದ ತೊಂಬತ್ತು ಮೀಟರ್ ಪೂರ್ವಕ್ಕಿರಬೇಕು.

ಅಲ್ಲಿ ಏನಿದೆ ಗೊತ್ತಾ?

ಹೊಸ ಮಾಲ್. ಐದು ಅಂತಸ್ತು. ಕಾಲುವೆಯ ನೆತ್ತಿಯ ಮೇಲೆ!

ಅದರ ಮಾಲೀಕನಿಗೆ ನಾವು ಇಟ್ಟ ಹೆಸರು ನಗುಮುಖ. ಯಾರ ಗೋಡೆ ಬಿದ್ದರೂ ಅವನ ಹಲ್ಲು ಕಾಣುತ್ತದೆ.

ಜೆಸಿಬಿ ಮುಂದಿನಿಂದ ಓಡಿಬಂದವಳು, ಕಮಿಷನರ್ ಬಳಿಗೆ ಹೋಗಲು ಸ್ಕೂಟರ್ ಹತ್ತುವ ಮುಂಚೆ ನನ್ನ ಕ್ಲಾಸ್‌ಮೇಟ್‌ಗೆ ಫೋನ್ ಮಾಡಿದೆ. ಅವಳು ಉಪಗ್ರಹ ಚಿತ್ರಗಳ ಕಂಪನಿಯಲ್ಲಿದ್ದಾಳೆ. ಆಕಾಶದಿಂದಲೇ ಬೆಳೆಯ ಬಣ್ಣ ನೋಡಿ, ಯಾವ ಹೊಲ ಒಣಗಿದೆ ಅಂತ ವಿಮೆಯವರಿಗೆ ಹೇಳುವವಳು.

“ಹಳೇ ಚಿತ್ರ ಬೇಕು ಕಣೇ. ಮಾಲ್ ಏಳೋ ಮುಂಚಿಂದು. ಈಗಲೇ!”

“ನಿನಗೆ ಯಾವಾಗಲೂ ಈಗಲೇ! ಮದುವೆಗೆ ಬಾ ಅಂದ್ರೆ ಮಾತ್ರ ಆಮೇಲೆ.”

“ಬೈಯೋದು ನಾಳೆ ಇಟ್ಕೋ. ಒಂದು ಅಂಗಡಿ ಉರುಳುತ್ತೆ!”

“ಕಳಿಸ್ತೀನಿ, ಹೋಗಿ ಸಾಯಿ.”

ಸ್ಕೂಟರ್ ಹೊರಟಿತು. ಕನ್ನಡಿಯಲ್ಲಿ ಬಿಳಿ ಜೀಪ್ ಕಂಡಿತು, ಮೂತಿಯ ಮೇಲೆ ಆ ಮಾಲಿನ ಸ್ಟಿಕ್ಕರ್.

ಎಡಕ್ಕೆ ತಿರುಗಿದೆ. ಅದೂ ತಿರುಗಿತು. ಬಲಕ್ಕೆ... ಅದೂ!

ಸಿಗ್ನಲ್‌ನಲ್ಲಿ ಪಕ್ಕಕ್ಕೇ ಬಂದು ನಿಂತಿತು. ಇಬ್ಬರು. ಒಬ್ಬ ಬಬಲ್‌ಗಮ್ ಅಗಿಯುತ್ತಿದ್ದ.

“ಮೇಡಂ, ಲ್ಯಾಪ್‌ಟಾಪ್ ಭಾರ ಇರಬೇಕು. ಇಲ್ಲಿ ಕೊಡಿ, ನಾವು ಹೊರ್ತೀವಿ.”

“ನಿಮ್ಮ ತಲೆಯೇ ಖಾಲಿ ಇದೆ, ಅದರಲ್ಲಿ ಇಟ್ಕೊಳ್ತೀರಾ?”

ಅವನ ಕೈ ಬ್ಯಾಗಿಗೆ ಬಿತ್ತು. ಹಸಿರು ದೀಪ ಬಿತ್ತು. ಆಕ್ಸಿಲರೇಟರ್ ತಿರುವಿದೆ. ಬ್ಯಾಗಿನ ಒಂದು ಪಟ್ಟಿ ಅವನ ಕೈಯಲ್ಲೇ ಉಳಿಯಿತು!

ನಲವತ್ತು ನಿಮಿಷ.

ಅವರ ಹತ್ತಿರ ದೊಡ್ಡ ಎಂಜಿನ್ ಇತ್ತು. ನನ್ನ ಹತ್ತಿರ ಗಲ್ಲಿಗಳ ಅಗಲ ಇತ್ತು.

ಹೋದ ವರ್ಷ ಆಂಬುಲೆನ್ಸ್‌ನವರಿಗಾಗಿ ಈ ಊರಿನ ಗಲ್ಲಿಗಳನ್ನೆಲ್ಲ ಟೇಪ್ ಹಿಡಿದು ಅಳೆದಿದ್ದೆವು. ಯಾವುದರಲ್ಲಿ ವಾಹನ ನುಗ್ಗುತ್ತದೆ, ಯಾವುದರಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಮೆಟ್ಟಿಲಿದೆ... ಎರಡು ತಿಂಗಳು ಆ ಟೇಬಲ್ ನೋಡಿ ನೋಡಿ ಬಾಯಿಪಾಠ.

ಹಳೇ ಪ್ರೆಸ್ಸಿನ ಹಿಂದಿನ ಗಲ್ಲಿ. ಬಾಯಲ್ಲಿ ಎರಡೂವರೆ ಮೀಟರ್. ಮಧ್ಯದಲ್ಲಿ ಒಂದೂವರೆ ಮೀಟರ್!

ನುಗ್ಗಿದೆ. ಜೀಪೂ ನುಗ್ಗಿತು. ಆಮೇಲೆ ಕಬ್ಬಿಣ ಗೋಡೆಗೆ ಕೆರೆಯುವ ಸದ್ದು... ಆಮೇಲೆ ಹಾರ್ನ್... ಆಮೇಲೆ ಮೇಲಿನ ಕಿಟಕಿಯಿಂದ ಒಬ್ಬ ಅಜ್ಜಿಯ ಬೈಗುಳ. ಎರಡೂ ಕಡೆ ಗೋಡೆ. ಬಾಗಿಲು ತೆಗೆಯಲೂ ಜಾಗವಿಲ್ಲ!

ಹನ್ನೊಂದು ನಲವತ್ತಕ್ಕೆ ಮುಖ್ಯ ಕಚೇರಿ ತಲುಪಿದೆ. ಮೊಬೈಲ್ ಟಿಂಗ್ ಎಂದಿತು. ಕ್ಲಾಸ್‌ಮೇಟ್ ಮಾತು ಉಳಿಸಿಕೊಂಡಿದ್ದಳು. ಚಿತ್ರದಲ್ಲಿ ಮಾಲ್ ಇಲ್ಲ, ಖಾಲಿ ಜಾಗದ ನಡುವೆ ಕಪ್ಪು ದಾರದಂತೆ ಕಾಲುವೆ. ಲಾಂಡ್ರಿ ದೂರದಲ್ಲಿ, ತನ್ನ ಪಾಡಿಗೆ ತಾನು.

ಮೂರನೇ ಮಹಡಿಯ ಮೆಟ್ಟಿಲಲ್ಲಿ ನಗುಮುಖ ನಿಂತಿದ್ದ. ಬಿಳಿ ಶರ್ಟು, ಗಂಜಿ ಹಾಕಿದ ಕಾಲರ್.

“ಬನ್ನಿ ಮೇಡಂ. ಬೆವರಿದೀರಿ. ನೀರು ತರಿಸಲಾ?”

“ದಾರಿ ಬಿಡಿ.”

“ಬಿಡ್ತೀನಿ. ಮೊದಲು ಇದನ್ನ ಓದಿ.”

ಒಂದೇ ಹಾಳೆ. ನಮ್ಮ ಕಾಲುವೆ ಮ್ಯಾಪಿನ ಮೆಟಾಡೇಟಾ. ಅಂದರೆ ಮ್ಯಾಪಿನ ಜಾತಕ. ಯಾರು ಮಾಡಿದರು, ಯಾವಾಗ, ಯಾವ ಡೇಟಂ ಆರಿಸಿದರು... ಎಲ್ಲ ಅದರಲ್ಲಿ. ಎಲ್ಲರೂ ಮ್ಯಾಪ್ ನೋಡುತ್ತಾರೆ, ಯಾರೂ ಜಾತಕ ತೆಗೆಯುವುದಿಲ್ಲ. ನಾನೂ ತೆಗೆದಿರಲಿಲ್ಲ.

ತಯಾರಿಸಿದವರು ಎಂಬಲ್ಲಿ ನನ್ನ ಹೆಸರು!

ಒಂಬತ್ತು ವರ್ಷದ ಹಿಂದಿನ ದಿನಾಂಕ. ನಾನು ಕೆಲಸಕ್ಕೆ ಸೇರಿದ ಮೂರನೇ ವಾರ.

ನೆನಪಾಯಿತು. ಊಟದ ಹೊತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ಪರದೆಯ ಮೇಲೆ ಪಟ್ಟಿಯೊಂದು ಇಳಿಯಿತು, ಡೇಟಂ ಯಾವುದು ಅಂತ ಕೇಳಿತು. ಮೊದಲು ಕಂಡದ್ದನ್ನು ಒತ್ತಿದೆ. ಓಕೆ. ಕ್ಯಾಂಟೀನಿಗೆ ಓಡಿದೆ.

“ಮಾಲ್ ಪ್ಲಾನ್ ಮಾಡುವಾಗಲೇ ನಮ್ಮ ಸರ್ವೆಯರ್ ಕಂಡುಹಿಡಿದಿದ್ದ,” ಅಂದ ನಗುಮುಖ. “ನಾನು ಬಾಯಿ ಬಿಡಲಿಲ್ಲ. ನಿಮ್ಮ ಕೈಗುಣ ಚೆನ್ನಾಗಿತ್ತು! ಈಗ ಒಳಗೆ ಹೋಗಿ ಹೇಳ್ತೀರಾ? ಮೊದಲ ಪ್ರಶ್ನೆ ಏನು ಗೊತ್ತಲ್ಲ? ಯಾರು ಮಾಡಿದ್ದು ಅಂತ.”

ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಅವನೇ ಮಡಚಿದ.

“ಮನೆಗೆ ಹೋಗಿ. ಸ್ಕೂಟರ್ ಪಂಕ್ಚರ್ ಆಯ್ತು ಅನ್ನಿ. ಒಂದು ತಿಂಗಳು ಬಿಟ್ಟು ನಮ್ಮ ಕಂಪನಿಗೆ ಬನ್ನಿ, ಇಡೀ ಮ್ಯಾಪ್ ವಿಭಾಗಕ್ಕೆ ನೀವೇ ಮುಖ್ಯಸ್ಥೆ. ಒಂದು ಲಾಂಡ್ರಿಗೋಸ್ಕರ ಒಂಬತ್ತು ವರ್ಷದ ಕೆಲಸ ಚರಂಡಿಗೆ ಹಾಕ್ತೀರಾ?”

ಹನ್ನೊಂದು ಐವತ್ತು. ಸುಳ್ಳೇಕೆ ಹೇಳಲಿ? ಒಂದು ನಿಮಿಷ ಯೋಚಿಸಿದೆ. ಪೂರ್ತಿ ಒಂದು ನಿಮಿಷ.

ಫೋನ್ ರಿಂಗಾಯಿತು. ಲಾಂಡ್ರಿ ಅಕ್ಕ.

“ಮಗಳೇ, ಎಲ್ಲಿದೀಯಾ? ಮೆಷಿನ್ ಚಾಲೂ ಮಾಡಿದಾನೆ. ಶರ್ಟುಗಳನ್ನ ಹೊರಗೆ ಹಾಕಲಾ, ಒಳಗೇ ಬಿಡಲಾ? ನೀನು ಹೇಳಿದ ಹಾಗೆ ಮಾಡ್ತೀನಿ.”

ನೀನು ಹೇಳಿದ ಹಾಗೆ!

“ಒಳಗೇ ಇರಲಿ ಅಕ್ಕ,” ಅಂದೆ.

ನಗುಮುಖನನ್ನು ಭುಜದಿಂದ ಸರಿಸಿ ಮೇಲೇರಿದೆ. ಕಮಿಷನರ್ ಕೊಠಡಿಯ ಬಾಗಿಲು ತಟ್ಟಲಿಲ್ಲ. ಲ್ಯಾಪ್‌ಟಾಪನ್ನು ಅವರ ಫೈಲುಗಳ ಮೇಲೇ ತೆರೆದಿಟ್ಟೆ. ಮ್ಯಾನ್‌ಹೋಲ್‌ಗಳ ಅಳತೆ. ಹಳೆಯ ಚಿತ್ರ. ಅದರ ಮೇಲೆ, ಸರಿಯಾದ ಡೇಟಂ ಕೊಟ್ಟು ಮತ್ತೆ ಕೂರಿಸಿದ ಕಾಲುವೆ... ಗೆರೆಯ ಮೇಲೆ ಗೆರೆ ಕೂತಿತ್ತು.

ಕಮಿಷನರ್ ಕನ್ನಡಕ ತೆಗೆದರು. “ಮಾಲ್ ಕೆಳಗಾ?”

“ಮಾಲ್ ಕೆಳಗೆ ಸರ್.”

“ಇಷ್ಟು ವರ್ಷ ತಪ್ಪು ಮ್ಯಾಪ್ ಇಟ್ಕೊಂಡಿದ್ವಾ? ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ?”

“ಆ ಪುಣ್ಯಾತ್ಮೆ ನಾನೇ ಸರ್.”

ಅವರು ನನ್ನನ್ನೇ ದಿಟ್ಟಿಸಿದರು. ಗೋಡೆಯ ಗಡಿಯಾರದ ಮುಳ್ಳು ಒಂದು ಹೆಜ್ಜೆ ಹಾಕಿತು.

“ಬೈಯೋದು ಆಮೇಲೆ ಸರ್! ಮೊದಲು ಫೋನ್!”

ಫೋನ್ ಎತ್ತಿದರು.

ಹನ್ನೆರಡಾಗಿ ಹತ್ತು ಸೆಕೆಂಡ್. ಅಷ್ಟರಲ್ಲಿ ಬಕೆಟ್ ಲಾಂಡ್ರಿಯ ಬೋರ್ಡನ್ನು ಕಿತ್ತಿತ್ತು. ಗೋಡೆ ಮುಟ್ಟುವ ಮುಂಚೆ ಎಂಜಿನ್ ಆಫ್! ಸಂಜೆ ಅಕ್ಕ ಬೋರ್ಡಿನ ಜಾಗದಲ್ಲಿ ಯಾರದೋ ಹಳೆಯ ಬೆಡ್‌ಶೀಟ್ ಕಟ್ಟಿ, ಮೇಲೆ ಇದ್ದಿಲಲ್ಲಿ ಬರೆದರು: ಅಂಗಡಿ ತೆರೆದಿದೆ.

ಮಾಲ್‌ಗೆ ನೋಟಿಸ್ ಅಂಟಿಸಿದರು. ನಗುಮುಖ ಅದನ್ನು ಓದುವಾಗ ನಾನು ಅಲ್ಲೇ ಇದ್ದೆ. ಹಲ್ಲು ಕಾಣಲಿಲ್ಲ.

ನನಗೂ ಒಂದು ಪತ್ರ ಬಂತು. ಎರಡೇ ಸಾಲು. ಮೊದಲನೆಯದರಲ್ಲಿ ಪ್ರಾಮಾಣಿಕತೆಗೆ ಮೆಚ್ಚುಗೆ. ಎರಡನೆಯದರಲ್ಲಿ ನಾಳೆಯಿಂದ ಬರುವುದು ಬೇಡ.

ಪೆನ್ ಇದೆಯಾ? ಬರೆದುಕೊಳ್ಳಿ. ನಗರಾಡಳಿತ, ಮ್ಯಾಪ್ ಸೆಕ್ಷನ್, ಮೂರನೇ ಮಹಡಿ. ಒಂದು ಹುದ್ದೆ ಖಾಲಿ ಇದೆ... ಕುರ್ಚಿ ಇನ್ನೂ ಬೆಚ್ಚಗಿರಬೇಕು!