ಗುಂಪಿನಲ್ಲಿ ನಿಂತ ಗೌರಮ್ಮ

"ಪೊಲೀಸರಿಗೆ ಸಿನಿಮಾ ಅಂದ್ರೆ ಬ್ಲಾಕ್ ಟಿಕೆಟ್ ಹಿಡಿಯೋದು, ಅಷ್ಟೇ. ಓದ್ಕೊಂಡಿರೋರು ಯಾರಾದ್ರೂ ಇದ್ರೆ ಕರೀರಿ."

ಬೆಳಿಗ್ಗೆ ಹನ್ನೊಂದಕ್ಕೆ, ಯಲಹಂಕದ ಠಾಣೆಯಲ್ಲಿ ದೂರುದಾರರೆಲ್ಲ ಕೇಳುವಂತೆ ವೇಣುಗೋಪಾಲ್ ಹೀಗೆಂದರು. ಅವರು ಚಲನಚಿತ್ರ ಸಂಗ್ರಹಾಲಯದ ಮುಖ್ಯಸ್ಥರು. ಅಲ್ಲಿಂದ ಮೂರು ಹಳೆ ಸಿನಿಮಾಗಳ ತಲಾ ಒಂದೊಂದು ರೀಲು ಕಳುವಾಗಿತ್ತು. ಇನ್ಸ್‌ಪೆಕ್ಟರ್ ನಂದಕುಮಾರ್ ಹಲ್ಲು ಕಚ್ಚಿಕೊಂಡು ಎಫ್‌ಐಆರ್ ಹಾಕಿಸಿದರು.

ಸ್ಥಳ ಪಂಚನಾಮೆ ಆಯಿತು. ಬೀಗ ಒಡೆದಿರಲಿಲ್ಲ. ಹೆಸರುವಾಸಿ ಚಿತ್ರಗಳು ಪಕ್ಕದಲ್ಲೇ ಇದ್ದರೂ ಕಳ್ಳ ಮುಟ್ಟಿರಲಿಲ್ಲ.

"ಈ ಮೂರಕ್ಕೂ ಏನ್ ಸಂಬಂಧ?" ನಂದಕುಮಾರ್ ವೇಣುಗೋಪಾಲ್ ಅವರನ್ನು ಕೇಳಿದರು.

"ಏನೂ ಇಲ್ಲ ಕಣ್ರೀ. ಒಂದು ಪೌರಾಣಿಕ, ಒಂದು ಹೊಡೆದಾಟದ್ದು, ಇನ್ನೊಂದು ಕೆರೆ ಡಾಕ್ಯುಮೆಂಟರಿ. ಹೀರೋನೂ ಬೇರೆ, ಡೈರೆಕ್ಟರೂ ಬೇರೆ."

ಸಂಗ್ರಹಾಲಯದ ಕಂಪ್ಯೂಟರಿನಲ್ಲಿದ್ದ ಪ್ರತಿಗಳನ್ನು ನಂದಕುಮಾರ್ ಒಂದರ ಹಿಂದೊಂದು ಹಾಕಿಸಿದರು. ಮೂರನೆಯದು ಓಡುತ್ತಿದ್ದಾಗ ಹೆಡ್ ಕಾನ್‌ಸ್ಟೇಬಲ್ ರಾಮಲಕ್ಷ್ಮಮ್ಮ ಎದ್ದು ನಿಂತರು.

"ನಿಲ್ಸಿ ಸಾರ್! ಹಿಂದ್ಗಡೆ ಗುಂಪು ನೋಡಿ."

ಶೂಟಿಂಗಿಗೆ ಕರೆತಂದ ಜನಕ್ಕೆ ಕ್ಯಾಮೆರಾ ನೋಡಬೇಡಿ ಎಂದು ಮೊದಲೇ ತಾಕೀತು ಮಾಡಿರುತ್ತಾರೆ. ಹಣೆಗೆ ಹಚ್ಚೆ ಹಾಕಿಸಿಕೊಂಡ ಒಬ್ಬಳು ಮಾತ್ರ ಮೂರರಲ್ಲೂ ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ನಮ್ಮೂರು ಅಬ್ಬಿಗೆರೆ ಗೌರಮ್ಮ ಸಾರ್. ಜನ ತುಂಬ್ಕೊಂಡು ಹೋಗೋಕೆ ಲಾರಿ ಬಂದಾಗ ನಾವೆಲ್ಲ ಶೂಟಿಂಗಿಗೆ ಹೋಗ್ತಿದ್ವಿ. ಯಾರ ಮಾತೂ ಕೇಳೋಳಲ್ಲ. ತೀರ್ಕೊಂಡು ಬಹಳ ವರ್ಷ ಆಯ್ತು. ಮಗ ಶರತ್ ಎಸಿ ಮೆಕ್ಯಾನಿಕ್ಕು."

"ರೀಲು ಇಡೋ ನಮ್ಮ ಕೋಲ್ಡ್ ರೂಮಿಗೂ ಅವನೇ ಬರೋದು," ಎಂದರು ವೇಣುಗೋಪಾಲ್.

ಸಂಜೆ ನಾಲ್ಕಕ್ಕೆ ಅಬ್ಬಿಗೆರೆ. ಶರತ್ ಓಡಲಿಲ್ಲ, ಬಾಗಿಲು ತೆರೆದ. ಟ್ಯೂಬ್‌ಲೈಟಿನ ಕೆಳಗೆ ಮೂರು ಡಬ್ಬಗಳಿದ್ದವು. ಪ್ರೊಜೆಕ್ಟರ್ ಎಲ್ಲಿಂದ ಬರಬೇಕು? ರೀಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಯಾಕೋ ಕದ್ದೆ?"

"ಕದ್ದಿದ್ದಾ? ನಮ್ಮಮ್ಮನ್ನ ನಾನೇ ಕದೀತೀನಾ ಸಾರ್?"

ಜಪ್ತಿ ಪಂಚನಾಮೆ ಬರೆದು ಬಂಧಿಸಿದರು. ಆ ಮನೆಯಲ್ಲಿ ಗೌರಮ್ಮನ ಒಂದು ಫೋಟೋ ಕೂಡ ಇರಲಿಲ್ಲ. ಎಸಿ ರಿಪೇರಿಗೆ ಹೋದಾಗ ಈ ಮೂರು ಚಿತ್ರಗಳಲ್ಲಿ ತಾಯಿಯನ್ನು ಕಂಡ ಶರತ್, ಸಂಗ್ರಹಾಲಯದ ಪ್ರದರ್ಶನದ ಫಲಕದಲ್ಲಿ ಅವಳ ಹೆಸರು ಬರೆಸಿ ಎಂದು ಕೇಳಿಕೊಂಡಿದ್ದ. "ಗುಂಪಲ್ಲಿ ನಿಂತೋರ್ಗೆಲ್ಲ ಹೆಸ್ರು ಹಾಕಿದ್ರೆ ಗೋಡೆ ಸಾಲಲ್ಲ" ಎಂದು ವೇಣುಗೋಪಾಲ್ ನಕ್ಕಿದ್ದರು.

ಈಗ ವೇಣುಗೋಪಾಲ್ ಕೂಡ ಹಿಂದೆಯೇ ಬಂದು ಕಾರಿನಿಂದಿಳಿದರು. ಬೀದಿ ತುಂಬ ಜನ ಸೇರಿದ್ದರು.

"ಎಲ್ರೆದ್ರು ತಪ್ಪಾಯ್ತು ಅನ್ನೋ. ರಾಜಿ ಮಾಡ್ಕೊಂಡ್ಬಿಡ್ತೀನಿ."

"ಅಂದ್ಬಿಡು ಮಗಾ, ಜೈಲು ತಪ್ಪುತ್ತೆ," ನಂದಕುಮಾರ್ ಮೆಲ್ಲಗೆ ಹೇಳಿದರು.

ಶರತ್ ಚಪ್ಪಲಿ ಮೆಟ್ಟಿಕೊಂಡ. ವೇಣುಗೋಪಾಲ್ ಅವರನ್ನು ದಾಟಿ ಮುಂದೆ ನಡೆದು, ಪೊಲೀಸ್ ಜೀಪಿನ ಬಾಗಿಲನ್ನು ತಾನೇ ತೆಗೆದು ಹತ್ತಿ ಕೂತ.